ಅಪವಾದಕ್ಕೆ ಉತ್ತರ: ಭಂಡಾರಿ ಬಸವಣ್ಣನವರ ಚರಿತ್ರೆಯಿಂದ ಒಂದು ಪಾಠ



ಕೆಲವು ತಿಂಗಳ ಹಿಂದೆ ಸಾಯಂಕಾಲದ ಪೂಜೆ ಮುಗಿಸಿ ಕುಳಿತಿದ್ದಾಗ, ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿ ಮುಂದೆ ಬಂದ ಹಿರಿಯರೊಬ್ಬರು ದರ್ಶನಕ್ಕೆ ಬಂದರು. ಅವರು ಒಂದು ಸಣ್ಣ ಸಹಕಾರಿ ಸಂಘದಲ್ಲಿ ಬಹಳ ವರ್ಷ ಕೋಶಾಧ್ಯಕ್ಷರಾಗಿ ದುಡಿದವರು. ಸಂಘದ ಹಣದಿಂದಲೇ ಅವರ ಮನೆಯ ಮೇಲಂತಸ್ತು ಎದ್ದಿತೆಂಬ ಮಾತು ಊರೆಲ್ಲ ಹಬ್ಬಿತ್ತು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಕೊನೆಗೆ, “ಅಜ್ಜಾರ, ನಾ ಒಂದು ಪೈಸಾ ಮುಟ್ಟಿಲ್ರಿ. ಆದರ ಮಂದಿ ಮುಖಾ ನೋಡೂದು ಕಠಿಣ ಆಗೇದ. ರಾಜೀನಾಮೆ ಕೊಟ್ಟು ಮನ್ಯಾಗ ಕುಂದರ್ಲೋ, ಕೋರ್ಟಿಗೆ ಹೋಗ್ಲೋ, ನೀವ ಹೇಳ್ರಿ” ಎಂದರು.

ಆ ದಿನ ಅವರಿಗೆ ನಾವು ಹೇಳಿದ್ದು ಬಹಳವಿಲ್ಲ. ಆದರೆ ಅವರು ಹೋದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಸುಳ್ಳು ಆರೋಪವನ್ನು ಹೊತ್ತವನು ಏನು ಮಾಡಬೇಕು? ಮೌನವಾಗಿರಬೇಕೇ? ಪ್ರತಿಭಟಿಸಬೇಕೇ? ಅಥವಾ ಲೋಕದ ಬಾಯಿಗೆ ಬೀಗವಿಲ್ಲವೆಂದು ಕೈಬಿಡಬೇಕೇ? ನಮ್ಮ ಧರ್ಮದ ಚರಿತ್ರೆಯಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆ. ಏಕೆಂದರೆ ನಾವು ಯಾರನ್ನು ಗುರುವೆಂದು ನೆನೆಯುತ್ತೇವೆಯೋ ಆ ಬಸವಣ್ಣನವರೇ ಪರರ ಹಣದ ಹೊಣೆ ಹೊತ್ತವರು ಮತ್ತು ಅದೇ ಕಾರಣಕ್ಕಾಗಿ ಅಪವಾದಕ್ಕೆ ಗುರಿಯಾದವರು.

ನಾವು ಅವರನ್ನು ಭಕ್ತಿಭಂಡಾರಿ ಎಂದು ಕರೆಯುತ್ತೇವೆ. ಭಂಡಾರಿ ಎಂಬುದು ಕೇವಲ ಗೌರವದ ಬಿರುದಲ್ಲ, ಅದು ಒಂದು ಅಧಿಕಾರದ ಹೆಸರು. ಕಳಚೂರಿ ವಂಶದ ಬಿಜ್ಜಳನು ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಚಾಲುಕ್ಯರ ಮಾಂಡಲಿಕನಾಗಿದ್ದು, 1162ರ ವೇಳೆಗೆ ಕಲ್ಯಾಣದ ಸಿಂಹಾಸನವನ್ನೇ ಆಕ್ರಮಿಸಿದನು. ಅವನ ಮೊದಲ ನೆಲೆ ಮಂಗಳವಾಡ, ಅಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಕೂಡಲಸಂಗಮದಿಂದ ಅಲ್ಲಿಗೆ ಬಂದ ಬಸವಣ್ಣನವರು ಕರಣಿಕ ವೃತ್ತಿಯಿಂದ ಆರಂಭಿಸಿ, ಲೆಕ್ಕಪತ್ರಗಳಲ್ಲಿ ತಮಗಿದ್ದ ನೈಪುಣ್ಯದಿಂದ ರಾಜಭಂಡಾರದ ಹೊಣೆಗೆ ಏರಿದರೆಂದು ಪರಂಪರೆ ಹೇಳುತ್ತದೆ. ಕ್ರಾಂತಿಪುರುಷನೆಂದು ಅವರನ್ನು ಕೊಂಡಾಡುವ ನಾವು, ಅವರು ಮೊದಲು ಒಬ್ಬ ಒಳ್ಳೆಯ ಲೆಕ್ಕಿಗರಾಗಿದ್ದರೆಂಬುದನ್ನು ಮರೆಯುತ್ತೇವೆ.

ಒಂದು ಕಡೆ ಅರಮನೆಯ ಭಂಡಾರ, ಇನ್ನೊಂದು ಕಡೆ ಅವರ ಸ್ವಂತ ಮಹಾಮನೆ. ಮಹಾಮನೆಯಲ್ಲಿ ನಿತ್ಯವೂ ಜಂಗಮ ದಾಸೋಹ. ಎರಡರ ಕೀಲಿಕೈಯೂ ಒಬ್ಬರದೇ. ಇಂಥ ಸ್ಥಿತಿಯಲ್ಲಿ ಸಂಶಯ ಹುಟ್ಟುವುದು ಸಹಜ. ಜಾತಿಯ ಕಟ್ಟನ್ನು ಸಡಲಿಸಿದವನ ಮೇಲೆ ಸಿಟ್ಟಿದ್ದವರಿಗಂತೂ ಆ ಸಂಶಯ ಅನುಕೂಲವೇ ಆಯಿತು. ದಾಸೋಹಕ್ಕೆ ಸುರಿಯುತ್ತಿರುವುದು ಅರಸನ ಹೊನ್ನು ಎಂದು ಕೊಂಡೆ ಹೇಳಿದರು. ಹೀಗೆ ಹೇಳಿದವನಿಗೆ ಜನಪರಂಪರೆ ಕೊಂಡಿ ಮಂಚಣ್ಣನೆಂಬ ಹೆಸರನ್ನೂ ಕೊಟ್ಟಿದೆ. ಹೆಸರು ಯಾವುದಾದರೂ ಇರಲಿ, ಅಂಥವನೊಬ್ಬ ಪ್ರತಿ ಊರಿನಲ್ಲಿಯೂ ಪ್ರತಿ ಕಾಲದಲ್ಲಿಯೂ ಇರುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು. ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ಮುಗಿಸಿದನು. ದೂರು ಕೇಳಿದ ಬಿಜ್ಜಳನು ಬಸವಣ್ಣನವರನ್ನು ಕರೆಯಿಸಿ ವಿಚಾರಿಸಿದ ಪ್ರಸಂಗವು ಈ ಪುರಾಣಪರಂಪರೆಯಲ್ಲಿ ಬರುತ್ತದೆ. ಆಗ ಬಸವಣ್ಣನವರು ಭಂಡಾರದ ಪೆಟ್ಟಿಗೆಗಳನ್ನು ತೆರೆಯಿಸಿ, ಎಣಿಸಿ ನೋಡಿರೆಂದರು. ಎಣಿಸಲಾಗಿ ಒಂದು ನಾಣ್ಯವೂ ಕಡಿಮೆಯಾಗಿರಲಿಲ್ಲ.

ಪುರಾಣಕಾರರು ಈ ಪ್ರಸಂಗವನ್ನು ಶಿವನ ಮಹಿಮೆಯಾಗಿ ವರ್ಣಿಸಿದ್ದಾರೆ. ಪುರಾಣವು ಘಟನೆ ನಡೆದ ಎಷ್ಟೋ ಕಾಲದ ಮೇಲೆ ಭಕ್ತಿಯಿಂದ ಬರೆದ ಗ್ರಂಥ. ಅದರ ಪ್ರತಿಯೊಂದು ಮಾತನ್ನೂ ಇತಿಹಾಸವೆಂದು ಹಿಡಿಯುವುದು ಯುಕ್ತವಲ್ಲ. ಆದರೆ ಪವಾಡದ ಹೊದಿಕೆಯನ್ನು ಸರಿಸಿ ನೋಡಿದರೂ ಒಳಗೆ ಒಂದು ಗಟ್ಟಿಯಾದ ತಿರುಳು ಉಳಿಯುತ್ತದೆ. ಬಸವಣ್ಣನವರ ಸಮುದಾಯವು ತನ್ನ ಗುರುವಿನ ಮೇಲೆ ಬಂದ ಹಣದ ಆರೋಪವನ್ನು ಮುಚ್ಚಿಡಲಿಲ್ಲ. ಅದನ್ನು ಪುರಾಣದಲ್ಲಿಯೇ ದಾಖಲಿಸಿತು. ಗುರುವು ಆರೋಪಿಸಿದವರನ್ನು ಶಪಿಸಿದನೆಂದಾಗಲಿ, ಅವರ ನಾಲಗೆ ಬಿದ್ದುಹೋಯಿತೆಂದಾಗಲಿ ಹೇಳದೆ, ಪೆಟ್ಟಿಗೆ ತೆರೆದು ಲೆಕ್ಕ ಕೊಟ್ಟನೆಂದು ಹೇಳಿತು. ಅಪವಾದ ಬಂದಾಗ ಸತ್ಪುರುಷನು ಹೇಗೆ ನಡೆದುಕೊಳ್ಳುತ್ತಾನೆಂಬ ಬಗ್ಗೆ ಆ ಕಾಲದ ಶರಣಸಮಾಜದ ಕಲ್ಪನೆ ಇದು.

ಈ ಲೆಕ್ಕ ಒಂದು ದಿನದ ಸಾಹಸವಾಗಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಎಣಿಸುವ ದಿನ ಪೆಟ್ಟಿಗೆ ತುಂಬಿರಬೇಕಾದರೆ, ಎಣಿಸದ ದಿನಗಳಲ್ಲಿ ಯಾರೂ ಅದಕ್ಕೆ ಕೈಯಿಕ್ಕಿರಬಾರದು. ನಾಳೆಗೆಂದು ತಮಗಾಗಿ ಕೂಡಿಡುವುದಿಲ್ಲವೆಂಬ ನಿಲುವನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ಆಣೆಯಿಟ್ಟು ಸಾರಿದ್ದಾರೆ. ಕಾಯಕ ಮತ್ತು ದಾಸೋಹಗಳ ತತ್ತ್ವವೇ ಒಂದು ಬಗೆಯ ಲೆಕ್ಕಪತ್ರ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದ ಪ್ರಸಂಗ ನಿಮಗೆಲ್ಲ ತಿಳಿದೇ ಇದೆ. ಒಂದು ಹಿಡಿ ಅಕ್ಕಿಗೂ ಲೆಕ್ಕವಿಟ್ಟ ಸಮುದಾಯದ ನಾಯಕನು ಭಂಡಾರದ ಲೆಕ್ಕಕ್ಕೆ ಅಂಜಬೇಕಾದ ಕಾರಣವಿರಲಿಲ್ಲ.

ಇಲ್ಲಿ ಮತ್ತೊಂದು ಸೂಕ್ಷ್ಮವನ್ನು ಹೇಳದಿದ್ದರೆ ಈ ಪಾಠ ಅಪೂರ್ಣವಾಗುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮೇಲೆ ಬಂದ ದೂರು ಒಂದೇ ಅಲ್ಲ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹದಿಂದ ವರ್ಣಸಂಕರವಾಯಿತೆಂಬುದು ಎರಡನೆಯ ದೂರು. ಸಮಗಾರನ ಮನೆಗೂ ಬ್ರಾಹ್ಮಣನ ಮನೆಗೂ ನೆಂಟಸ್ತನವಾದುದು ಅಂದಿನ ದೃಷ್ಟಿಯಲ್ಲಿ ಮಹಾಪರಾಧ. ಆ ಇಬ್ಬರು ತಂದೆಯರು ಕಠೋರ ಶಿಕ್ಷೆಗೆ ಗುರಿಯಾದರೆಂದೂ, ಬಸವಣ್ಣನವರು ಅಧಿಕಾರವನ್ನು ತ್ಯಜಿಸಿ ಕೂಡಲಸಂಗಮಕ್ಕೆ ನಡೆದರೆಂದೂ ಪರಂಪರೆ ಹೇಳುತ್ತದೆ. ಈ ಎರಡನೆಯ ಆರೋಪವನ್ನು ಅವರು ಅಲ್ಲಗಳೆಯಲಿಲ್ಲ. ನನಗೂ ಆ ಮದುವೆಗೂ ಸಂಬಂಧವಿಲ್ಲವೆಂದು ಹೇಳಿ ಪದವಿಯನ್ನು ಉಳಿಸಿಕೊಳ್ಳಬಹುದಾಗಿತ್ತು, ಹಾಗೆ ಮಾಡಲಿಲ್ಲ.

ಸುಳ್ಳಾದ ಆರೋಪಕ್ಕೆ ಅವರು ಲೆಕ್ಕ ಕೊಟ್ಟರು. ಸತ್ಯವಾದ, ಆದರೆ ಲೋಕವು ತಪ್ಪೆಂದು ತಿಳಿದ ಕೃತ್ಯವನ್ನು ಒಪ್ಪಿಕೊಂಡು ಅದರ ಬೆಲೆ ತೆತ್ತರು. ಕೀರ್ತಿಯನ್ನು ಕಾಪಾಡಿಕೊಳ್ಳುವುದೆಂದರೆ ಎಲ್ಲ ಆರೋಪಗಳನ್ನೂ ನಿರಾಕರಿಸುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕೀರ್ತಿಗಾಗಿ ಸತ್ಯವನ್ನು ಬಿಟ್ಟವನಲ್ಲಿ ಕಾಪಾಡಿಕೊಳ್ಳತಕ್ಕ ಕೀರ್ತಿಯೇ ಉಳಿದಿರುವುದಿಲ್ಲ.

ಬದುಕಿದ್ದಾಗ ಬಂದ ಅಪವಾದಕ್ಕೆ ಮನುಷ್ಯನು ತಾನೇ ಉತ್ತರ ಕೊಡಬಲ್ಲನು. ಸತ್ತ ಮೇಲೆ ಬರುವ ಅಪವಾದಕ್ಕೆ ಉತ್ತರ ಕೊಡುವವರು ಯಾರು? ಬಸವಣ್ಣನವರ ಪಾಲಿಗೆ ಇದೂ ಬಂದಿತು. ಅವರ ಕಾಲಕ್ಕಿಂತ ಶತಮಾನಗಳಷ್ಟು ತಡವಾಗಿ ರಚಿತವಾದ ಬಿಜ್ಜಳರಾಯಚರಿತೆಯಲ್ಲಿ ಅವರ ಚಿತ್ರ ಬೇರೆಯಾಗಿದೆ. ಅದರ ಪ್ರಕಾರ ಅವರು ಭಂಡಾರವನ್ನು ಬರಿದು ಮಾಡಿದವರು, ವಿಷದ ಹಣ್ಣನ್ನು ಕಳಿಸಿ ಅರಸನನ್ನು ಕೊಲ್ಲಿಸಿದವರು, ಕೊನೆಗೆ ಉಳವಿಗೆ ಓಡಿಹೋಗಿ ಬಾವಿಗೆ ಬಿದ್ದವರು. ಆಂಗ್ಲ ಅಧಿಕಾರಿ ಹಾಗೂ ಶಾಸನತಜ್ಞ ಫ್ಲೀಟನು ನಮ್ಮ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿ, ಮುಂಬಯಿ ಗ್ಯಾಝೆಟಿಯರಿಗಾಗಿ 1896ರಲ್ಲಿ ವಿಸ್ತರಿಸಿದನು. ಅದರಲ್ಲಿ ಬಸವಪುರಾಣದ ಕಥೆಯ ಜೊತೆಗೆ ಈ ಕಥೆಯೂ ಸೇರಿತು. ಹೀಗೆ ಒಂದು ಮತದ ಓಲೆಗರಿಯಲ್ಲಿದ್ದ ನಿಂದೆಯು ಇಂಗ್ಲಿಷ್ ಓದಿದ ಲೋಕಕ್ಕೆಲ್ಲ ತಲುಪಿತು.

ಇದಕ್ಕಾಗಿ ನಾವು ಜೈನ ಬಾಂಧವರನ್ನು ದೂಷಿಸುವುದು ಸರಿಯಲ್ಲ. ಬಿಜ್ಜಳನನ್ನು ಶರಣರಾದ ಜಗದೇವ, ಮೊಲ್ಲೆಯ, ಬೊಮ್ಮಯ್ಯರು ಕೊಂದರೆಂದು ಹೆಮ್ಮೆಯಿಂದ ಬರೆದುದು ಯಾರು? ನಮ್ಮ ಪುರಾಣಗಳೇ. ವೈರಿಯು ಆರೋಪವೆಂದು ಹೇಳಿದ್ದನ್ನು ಅಭಿಮಾನಿಯು ಪರಾಕ್ರಮವೆಂದು ಹಾಡಿದನು. ಗುರುವಿನ ಹೆಸರಿಗೆ ನಿಂದಕನಿಂದ ಆಗುವ ಹಾನಿಗಿಂತ ಉತ್ಸಾಹಿ ಭಕ್ತನಿಂದ ಆಗುವ ಹಾನಿ ಕಡಿಮೆಯೇನಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ನಿಜವೇನು? ಇದನ್ನು ನಿರ್ಣಯಿಸಿದ್ದು ಕೋಪವೂ ಅಲ್ಲ, ಮೆರವಣಿಗೆಯೂ ಅಲ್ಲ. ಕಲ್ಲಿನ ಮೇಲಿನ ಬರಹ. ಬಿಜ್ಜಳನು ತಾನು ಬದುಕಿದ್ದಾಗಲೇ 1167ರಲ್ಲಿ ಮಗನಾದ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಶಾಸನಗಳ ಆಧಾರದಿಂದ ಇತಿಹಾಸಕಾರರು ತೋರಿಸಿದ್ದಾರೆ. ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ದೊರೆತ ಏಕಾಂತದ ರಾಮಯ್ಯನ ಶಾಸನವನ್ನು ಪರಿಶೀಲಿಸಿದ ಮೇಲೆ ಸ್ವತಃ ಫ್ಲೀಟನೇ ಈ ಪುರಾಣಕಥೆಗಳನ್ನು ಸಂಶಯದಿಂದ ನೋಡತೊಡಗಿದನು. ಸಮಕಾಲೀನ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದೆ ಅವರ ಐತಿಹಾಸಿಕತೆಯ ಬಗ್ಗೆಯೇ ಪ್ರಶ್ನೆಗಳೆದ್ದಾಗ, ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನವು ನೆರವಿಗೆ ಬಂದಿತು. ಸೇವುಣ ಅರಸ ಕನ್ನರನ ಕಾಲದ ಆ ಶಾಸನದಲ್ಲಿ ತರ್ದವಾಡಿ ನಾಡಿನ ಬಾಗೆವಾಡಿಯೂ ಸಂಗನಬಸವನ ಹೆಸರೂ ಬರುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ಡಾ. ಪಿ. ಬಿ. ದೇಸಾಯಿಯವರು ಈ ಬಗೆಯ ಆಧಾರಗಳನ್ನು ಒರೆಗೆ ಹಚ್ಚಿ, ಬಸವೇಶ್ವರರು ಮತ್ತು ಅವರ ಕಾಲವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1968ರಲ್ಲಿ ಧಾರವಾಡದಿಂದಲೇ ಹೊರಬಿದ್ದಿತು.

ಶಾಸನಗಳು ದಿನಾಂಕವನ್ನು ಹೇಳಬಲ್ಲವು. ಅಂತರಂಗವನ್ನು ಹೇಳಲಾರವು. ಬಸವಣ್ಣನವರು ಎಂಥ ಮನುಷ್ಯರು ಎಂಬುದಕ್ಕೆ ಅವರ ಮಾತೇ ಸಾಕ್ಷಿಯಾಗಬೇಕಾಗಿತ್ತು. ಆ ಸಾಕ್ಷಿಗಳನ್ನೆಲ್ಲ ಕಲೆಹಾಕಿದವರು ಧಾರವಾಡದ ಮಣ್ಣಿನಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಜನಿಸಿದ ಅವರು ಮುಂಬಯಿಯಲ್ಲಿ ಕಾನೂನು ಓದಿ, ಬೆಳಗಾವಿಯಲ್ಲಿ ಕೆಲಕಾಲವಿದ್ದು, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ವಕೀಲರಾದವರಿಗೆ ನ್ಯಾಯಾಲಯದ ದಾರಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವರು ನಡೆದ ದಾರಿ ಬೇರೆ. ಮನೆಮನೆಯ ಜಗುಲಿಯ ಮೇಲೆ, ಮಠಗಳ ಗಂಟುಗಳಲ್ಲಿ ಹುಳು ಹಿಡಿಯುತ್ತಿದ್ದ ತಾಳೆಗರಿಗಳನ್ನು ಸಂಗ್ರಹಿಸಿ, ಪ್ರತಿಮಾಡಿ, ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಕ್ಕೆ ಪರರನ್ನು ಕಾಯುವುದು ಸಾಲದೆಂದು ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಆ ಕೆಲಸವನ್ನು ಬಿಡಲಿಲ್ಲ.

ಹಳಕಟ್ಟಿಯವರು ಯಾವ ನಿಂದಕನ ಹೆಸರನ್ನು ಹಿಡಿದೂ ಈ ಕೆಲಸಕ್ಕೆ ಹೊರಟವರಲ್ಲ. ಆದರೂ ಅದು ನಿಂದೆಗೆ ಉತ್ತರವೇ ಆಯಿತು. ವಚನಗಳನ್ನು ಓದಿದವನು ಬಸವಣ್ಣನವರನ್ನು ವಿಷ ಕಳಿಸಿದ ಮಂತ್ರಿಯೆಂದು ನಂಬುವುದು ಕಷ್ಟವಾಯಿತು. ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯನ್ನೂ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದ ಈ ಮಹನೀಯರ ಕೈಯಲ್ಲಿ ಸಾರ್ವಜನಿಕ ಹಣ ಬೇಕಾದಷ್ಟು ಹರಿದಿತ್ತು. ಅವರು ಮಾರಿದ್ದು ಮಾತ್ರ ತಮ್ಮ ಮನೆಯನ್ನು. ಭಂಡಾರಿ ಬಸವಣ್ಣನವರ ವಚನಗಳನ್ನು ಎತ್ತಿ ಹಿಡಿಯುವ ಅಧಿಕಾರ ಅಂಥವರಿಗೆ ಸಹಜವಾಗಿ ಬಂದಿತು.

ಈಗ ನಮಗೆ ಬರೆಯಲು ಕಷ್ಟವಾಗುವ ಮಾತಿಗೆ ಬರೋಣ. ಬಸವಾದಿ ಶರಣರ ಕೀರ್ತಿಯನ್ನು ಕಾಪಾಡುವ ಹೆಸರಿನಲ್ಲಿ ನಮ್ಮ ಸಮಾಜವು ಎಲ್ಲ ಕಾಲದಲ್ಲಿಯೂ ಹಳಕಟ್ಟಿಯವರ ದಾರಿಯನ್ನು ಹಿಡಿಯಲಿಲ್ಲ. 1989ರಲ್ಲಿ ಇದೇ ಧಾರವಾಡದಲ್ಲಿ, ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟದಲ್ಲಿದ್ದ ಕೆಲವು ಬರಹಗಳು ಶರಣರ ಚಾರಿತ್ರ್ಯಕ್ಕೆ ಕಳಂಕ ತಂದವೆಂದು ದೊಡ್ಡ ಗದ್ದಲವೆದ್ದಿತು. ನೀಲಾಂಬಿಕೆಯವರನ್ನೂ ಚನ್ನಬಸವಣ್ಣನವರ ಜನನವನ್ನೂ ಕುರಿತು ಅವರು ಮಂಡಿಸಿದ್ದ ಊಹೆಗಳು ಅನೇಕ ಭಕ್ತರ ಮನಸ್ಸನ್ನು ನೋಯಿಸಿದ್ದು ನಿಜ. ಆ ಊಹೆಗಳನ್ನು ಒಪ್ಪದಿರಲು ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಆಧಾರಕ್ಕೆ ಆಧಾರವನ್ನು ಎದುರಿಡುವ ಬದಲು, ಒಬ್ಬ ವಿದ್ವಾಂಸನನ್ನು ಒತ್ತಾಯದಿಂದ ತನ್ನ ಬರಹವನ್ನು ಹಿಂತೆಗೆದುಕೊಳ್ಳುವ ಸ್ಥಿತಿಗೆ ತಂದೆವು. ಕುಟುಂಬದವರ ಪ್ರಾಣಕ್ಕಾಗಿ ಹಾಗೆ ಮಾಡಿದುದಾಗಿಯೂ, ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೂ ಅವರು ಮುಂದೆ ನೊಂದು ನುಡಿದರು.

ಶರಣರ ದ್ರೋಹಿಯೆಂಬ ಆರೋಪ ಹೊತ್ತ ಅದೇ ವ್ಯಕ್ತಿ ಮಾಡಿದ ಕೆಲಸವನ್ನು ನೋಡಿರಿ. ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಾಗ ಅದರ ಸಂಪಾದಕತ್ವದ ಮುಖ್ಯ ಹೊಣೆ ಹೊತ್ತವರು ಅವರೇ. ಇಂದು ನಮ್ಮ ಮಠಗಳಲ್ಲಿ ನಡೆಯುವ ಪ್ರವಚನಗಳಿಗೆ ಅವು ಆಕರಗಳಾಗಿವೆ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಕೊಲೆಗೂ 1989ರ ಗದ್ದಲಕ್ಕೂ ನಾವು ಸಂಬಂಧ ಕಲ್ಪಿಸುತ್ತಿಲ್ಲ. ಅಪರಾಧಿಗಳಾರೆಂಬುದು ನ್ಯಾಯಾಲಯ ಹೇಳಬೇಕಾದ ಮಾತು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಪೆಟ್ಟಿಗೆ ತೆರೆದು ಎಣಿಸಿರೆಂದ ಗುರುವಿನ ಹೆಸರನ್ನು, ಪೆಟ್ಟಿಗೆ ಮುಚ್ಚಿ ಸುಮ್ಮನಿರು ಎಂದು ಗದರಿಸಿ ಕಾಪಾಡಲು ಸಾಧ್ಯವೇ? ಆಗ ಧಾರವಾಡದಲ್ಲಿ ನಾವಿನ್ನೂ ವಿದ್ಯಾರ್ಥಿಯಾಗಿದ್ದೆವು. ಗದ್ದಲ ಮಾಡಿದವರ ಸಾಲಿನಲ್ಲಿ ನಾವಿರಲಿಲ್ಲ. ಆದರೆ ಸುಮ್ಮನಿದ್ದವರ ಸಾಲಿನಲ್ಲಿ ಇದ್ದೆವು. ಆ ಮೌನವನ್ನು ನೆನೆದರೆ ಇಂದಿಗೂ ಸಮಾಧಾನವಿಲ್ಲ.

ಕಾನೂನಿನ ದಾರಿ ತಪ್ಪೆಂದು ಇದರ ಅರ್ಥವಲ್ಲ. ಮಾನಹಾನಿಯು ನಮ್ಮ ದೇಶದಲ್ಲಿ ಶಿಕ್ಷಾರ್ಹ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಅದನ್ನು ವಿವರಿಸುತ್ತದೆ. ಆದರೆ ಸತ್ಯವಾದ ಮಾತನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಅದು ಮಾನಹಾನಿಯಲ್ಲವೆಂದು ಅದೇ ಕಲಮು ಹೇಳುತ್ತದೆ. ಅಂದರೆ ಅಲ್ಲಿಯೂ ಮೊದಲ ಪ್ರಶ್ನೆ, ನಿಜವೇನು ಎಂಬುದೇ. ನ್ಯಾಯಾಲಯವು ಸುಳ್ಳು ಹೇಳಿದವನನ್ನು ದಂಡಿಸಬಲ್ಲದು. ನೆರೆಹೊರೆಯವರ ವಿಶ್ವಾಸವನ್ನು ಮರಳಿ ಕೊಡಿಸಲಾರದು. ಅದನ್ನು ಲೆಕ್ಕದ ಪುಸ್ತಕವೇ ಕೊಡಿಸಬೇಕು.

ನಮ್ಮದು ಸಂಘಸಂಸ್ಥೆಗಳ ನಾಡು. ಭಾರತದ ಮೊದಲ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು. ಮಠಗಳು, ಪ್ರಸಾದನಿಲಯಗಳು, ಶಾಲೆ ಕಾಲೇಜುಗಳು, ಪತ್ತಿನ ಸಂಘಗಳು ಎಲ್ಲವೂ ಪರರ ಹಣವನ್ನು ನಂಬಿಗೆಯಿಂದ ಕಾಯುವ ಭಂಡಾರಗಳೇ. ಕಾಯುವವನ ಮೇಲೆ ಮಾತು ಬಂದೇ ಬರುತ್ತದೆ. ಕೇಳಿದವನನ್ನು ಮಠದ್ರೋಹಿಯೆಂದೂ ಸಂಘದ್ರೋಹಿಯೆಂದೂ ಕರೆಯುವುದು ಸುಲಭ. ಆದರೆ ಪೀಠದ ಮೇಲೆ ಕುಳಿತವನು ಬಿಜ್ಜಳನ ಭಂಡಾರಿಗಿಂತ ದೊಡ್ಡವನಲ್ಲ. ಅವರು ಲೆಕ್ಕ ಕೊಟ್ಟರೆಂದ ಮೇಲೆ ನಾವೂ ಕೊಡಬೇಕು, ಕೇಳುವ ಮೊದಲೇ ಕೊಡಬೇಕು. ಅಂತೆಯೇ ಕೇಳುವ ಭಕ್ತರಿಗೂ ಒಂದು ಧರ್ಮವಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಕಟ್ಟೆಯ ಮೇಲೆ ಕೇಳಿದ್ದನ್ನು ಮನೆಗೆ ಒಯ್ಯುವ ಮೊದಲು, ಆರೋಪಕ್ಕೆ ಗುರಿಯಾದವನನ್ನು ಎದುರಿಗೆ ಕೂಡಿಸಿಕೊಂಡು ಕೇಳಿರಿ.

ಆ ಸಂಜೆ ಬಂದ ಹಿರಿಯರಿಗೆ ನಾವು ಹೇಳಿದ್ದು ಇಷ್ಟೇ. “ರಾಜೀನಾಮೆ ಈಗ ಕೊಡಬೇಡಿರಿ. ಲೆಕ್ಕ ಕೊಟ್ಟ ಮೇಲೆ ಬೇಕಾದರೆ ಕೊಡಿರಿ.” ಅವರು ಹಾಗೆಯೇ ಮಾಡಿದರು. ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆಯಾಗಲಿ ಎಂದು ತಾವೇ ಬರೆದುಕೊಟ್ಟು, ಸರ್ವಸಾಧಾರಣ ಸಭೆಯಲ್ಲಿ ವರದಿಯನ್ನು ಓದಿಸಿದರು. ಹಣ ಸರಿಯಾಗಿತ್ತು. ಎರಡು ಖರ್ಚುಗಳಿಗೆ ಮಾತ್ರ ಪಾವತಿ ಇರಲಿಲ್ಲ. ಅದು ತಮ್ಮ ಅಲಕ್ಷ್ಯವೆಂದು ಸಭೆಯೆದುರು ಒಪ್ಪಿಕೊಂಡು ಆ ಮೊತ್ತವನ್ನು ಕೈಯಿಂದ ತುಂಬಿದರು. ಮೇಲಂತಸ್ತಿನ ಮಾತನ್ನು ಇನ್ನೂ ಆಡುವವರು ಇಬ್ಬರು ಮೂವರು ಇದ್ದಾರಂತೆ. ಇರಲಿ. ಕಳೆದ ತಿಂಗಳು ಅವರು ಮತ್ತೆ ಮಠಕ್ಕೆ ಬಂದಿದ್ದರು. ಈ ಸಲ ಬಹಳ ಹೊತ್ತು ಸುಮ್ಮನೆ ಕುಳಿತುಕೊಳ್ಳಲಿಲ್ಲ. ದಾಸೋಹದ ಲೆಕ್ಕ ಬರೆಯಲು ಮಠದಲ್ಲಿ ಯಾರಾದರೂ ಬೇಕಾಗಿದ್ದಾರೆಯೇ ಎಂದು ಕೇಳಿದರು. ಬೇಕಾಗಿದ್ದರು.